ಶಾಲೆ ಕಟ್ಟಲು ಊರಿಗೆ ಮರಳಿದ ನಿರಾಶ್ರಿತ: ಒಂಬತ್ತನೆಯ ತರಗತಿಗೆ ಒಂದು ಪೂರಕ ಪಾಠ

ಬೋಧನಾಭ್ಯಾಸಕ್ಕಾಗಿ ಕೊಕ್ಕನೂರಿನ ಪ್ರೌಢಶಾಲೆಗೆ ಹೋಗಿದ್ದಾಗ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ ನನ್ನ ಪಾಲಿಗೆ ಬಂದಿತ್ತು. ನಿಗದಿತ ಪಾಠಗಳ ಜೊತೆಗೆ ಒಂದು ಪೂರಕ ಪಾಠವನ್ನು ನಾವೇ ಆಯ್ದುಕೊಳ್ಳಬೇಕಿತ್ತು. ನಮ್ಮ ಪಠ್ಯಗಳಲ್ಲಿ ಯುದ್ಧವೆಂದರೆ ಕಾರಣಗಳು, ಒಪ್ಪಂದಗಳು, ಪರಿಣಾಮಗಳು. ಯುದ್ಧದ ನಡುವೆ ಸಿಕ್ಕಿದ ಮಕ್ಕಳಿಗೆ ಏನಾಗುತ್ತದೆ, ಯುದ್ಧ ಮುಗಿದ ಮೇಲೆ ಅವರ ಓದಿನ ಗತಿಯೇನು ಎಂಬುದು ಅಪರೂಪಕ್ಕೆ ಬರುತ್ತದೆ. ಅದಕ್ಕಾಗಿ ದಕ್ಷಿಣ ಸುಡಾನಿನ ವಲೆಂಟಿನೊ ಅಚಕ್ ಡೆಂಗ್ ಅವರ ಕೆಲಸವನ್ನು ಪಾಠವಾಗಿಸಿದೆ. ಈ ವಿಷಯವನ್ನು ತರಗತಿಗೆ ಒಯ್ಯಬಯಸುವ ಪ್ರಶಿಕ್ಷಣಾರ್ಥಿಗಳಿಗಾಗಿ ಅದರ ತಿರುಳನ್ನೂ ಮಕ್ಕಳು ಅದನ್ನು ಗ್ರಹಿಸಿದ ಬಗೆಯನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಪದದಿಂದಲೇ ಶುರು ಮಾಡಬೇಕು. ‘ನಿರಾಶ್ರಿತ ಅಂದರೆ ಯಾರು?’ ಎಂದು ಕೇಳಿದಾಗ ಬಂದ ಮೊದಲ ಉತ್ತರ ‘ಭಿಕ್ಷೆ ಬೇಡೋರು ಸರ್’. ಉತ್ತರ ತಪ್ಪೆಂದು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಭಿಕ್ಷುಕರ ಪುನರ್ವಸತಿಗೆ ಇರುವ ಕೇಂದ್ರಗಳಿಗೇ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂಬ ಫಲಕವಿದೆ. ಮಕ್ಕಳು ಓದಿದ್ದನ್ನೇ ಹೇಳಿದ್ದಾರೆ. 1951ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಈ ಪದಕ್ಕೆ ಬೇರೆಯೇ ಅರ್ಥ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಇಂಥ ಕಾರಣಕ್ಕೆ ಹಿಂಸೆಯಾದೀತೆಂಬ ಭಯದಿಂದ ತನ್ನ ದೇಶದ ಗಡಿ ದಾಟಿ, ಮರಳಲಾಗದೆ ಇರುವವನು ನಿರಾಶ್ರಿತ. ದೇಶದೊಳಗೇ ಊರು ಬಿಟ್ಟವನು ಈ ಲೆಕ್ಕಕ್ಕೆ ಬರುವುದಿಲ್ಲ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೂ ಟಿಬೆಟನ್ನರಿಗೆ ನೆಲ ಕೊಟ್ಟಿದೆ.

ಇಲ್ಲಿ ಕರ್ನಾಟಕದ ಉದಾಹರಣೆ ತೀರ ಕೈಗೆಟುಕುವಂತಿದೆ. ಚಳಿಗಾಲದಲ್ಲಿ ಪೇಟೆಯ ಬೀದಿಬದಿ ಸ್ವೆಟರ್ ಮಾರುವ ಟಿಬೆಟನ್ನರನ್ನು ಮಕ್ಕಳು ಕಂಡಿದ್ದರು, ಅವರು ಯಾರೆಂದು ತಿಳಿದಿರಲಿಲ್ಲ. ಬೈಲಕುಪ್ಪೆಯ ನೆಲೆ ಆರಂಭವಾದದ್ದು 1960ರಲ್ಲಿ. 1966ರಲ್ಲಿ ಮುಂಡಗೋಡದ ನೆಲೆ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ನೆರೆಯ ಚಿತ್ರದುರ್ಗದ ಎಸ್. ನಿಜಲಿಂಗಪ್ಪ. 1960ರ ಮೇ ತಿಂಗಳಲ್ಲಿ ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ರಸ್ತೆ ಕೆಲಸದ ಶಿಬಿರಗಳಿಂದ ಬಂದ 51 ಮಕ್ಕಳನ್ನು ಧರ್ಮಶಾಲೆಯಲ್ಲಿ ಸಾಕಲು ಮುಂದಾದರು. ಮುಂದೆ ಟಿಬೆಟನ್ ಮಕ್ಕಳ ಗ್ರಾಮವಾಗಿ ಬೆಳೆದದ್ದು ಅದೇ. ನಿರಾಶ್ರಿತೆಯೊಬ್ಬಳೇ ನಿರಾಶ್ರಿತ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆ ಅದು. ಆದರೆ ಅವರಿಗೆ ತಾಯ್ನಾಡಿಗೆ ಮರಳುವ ದಾರಿ ಇರಲಿಲ್ಲ. ಡೆಂಗ್ ಅವರಿಗೆ ಸಿಕ್ಕಿತು. ಈ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆದಿಟ್ಟೇ ಮುಂದುವರಿದೆ.

ಸುಡಾನಿನ ಎರಡನೆಯ ಅಂತರ್ಯುದ್ಧ 1983ರಿಂದ 2005ರವರೆಗೆ ನಡೆಯಿತು. ಉತ್ತರದ ಸರ್ಕಾರಕ್ಕೂ ದಕ್ಷಿಣದ ಬಂಡುಕೋರರಿಗೂ ನಡೆದ ಈ ಕಾಳಗದಲ್ಲಿ ಕುದುರೆ ಸವಾರರ ಪಡೆಗಳು ಹಳ್ಳಿಗಳನ್ನು ಸುಟ್ಟವು. ದನ ಕಾಯಲು ಹೊರಗೆ ಹೋಗಿದ್ದ ಎಷ್ಟೋ ಹುಡುಗರು ಬದುಕಿಕೊಂಡರು, ಆದರೆ ಮನೆಯವರಿಂದ ಬೇರೆಯಾದರು. ಅಂಥ ಸುಮಾರು 20,000 ಮಕ್ಕಳು ಗುಂಪುಗುಂಪಾಗಿ ಇಥಿಯೋಪಿಯಾದತ್ತ ನಡೆದರು. ಮರಿಯಲ್ ಬಾಯ್ ಎಂಬ ಹಳ್ಳಿಯ ಡೆಂಗ್ ಅವರಲ್ಲೊಬ್ಬ, ಇನ್ನೂ ಹತ್ತು ವರ್ಷ ತುಂಬದ ಹುಡುಗ. 1991ರಲ್ಲಿ ಇಥಿಯೋಪಿಯಾದ ಸರ್ಕಾರ ಉರುಳಿದಾಗ ಅಲ್ಲಿಂದಲೂ ಓಡಬೇಕಾಯಿತು. ಗಿಲೋ ನದಿ ದಾಟುವಾಗ ಬಹಳ ಮಕ್ಕಳು ಮುಳುಗಿದರು, ಗುಂಡಿಗೂ ಬಲಿಯಾದರು. ಉಳಿದವರು ಕೀನ್ಯಾದಲ್ಲಿ 1992ರಲ್ಲಿ ತೆರೆದ ಕಕುಮಾ ಶಿಬಿರ ಸೇರಿದರು. ಡೆಂಗ್ ಬೆಳೆದು ದೊಡ್ಡವರಾದದ್ದು ಅಲ್ಲೇ. 2001ರಲ್ಲಿ ಅಮೆರಿಕದ ಅಟ್ಲಾಂಟಕ್ಕೆ ಹೋದರು.

ತುಂಗಭದ್ರೆಯ ದಂಡೆಯ ತಾಲ್ಲೂಕಿನ ಮಕ್ಕಳಿಗೆ ನದಿ ದಾಟುವುದು ಎಂದರೆ ಏನೆಂದು ವಿವರಿಸಬೇಕಾಗಲಿಲ್ಲ. ನಕಾಶೆ ಸಾಕಾಯಿತು. ಬಡಕಲು ಮಕ್ಕಳ ಚಿತ್ರಗಳನ್ನು ನಾನು ಬೇಕೆಂದೇ ಒಯ್ಯಲಿಲ್ಲ. ಅಂಥ ಚಿತ್ರ ಕಂಡ ಕೂಡಲೇ ತರಗತಿ ‘ಪಾಪ’ ಎನ್ನುತ್ತದೆ, ಮುಂದಿನದನ್ನು ಕೇಳುವುದಿಲ್ಲ.

ಲೇಖಕ ಡೇವ್ ಎಗರ್ಸ್ ಡೆಂಗ್ ಅವರ ಬದುಕನ್ನು ಕುರಿತು ಬರೆದ ಪುಸ್ತಕ 2006ರಲ್ಲಿ ಪ್ರಕಟವಾಯಿತು. ಬಾಲ್ಯದ ಮಾತುಕತೆಗಳನ್ನು ಅಕ್ಷರಶಃ ನೆನಪಿಟ್ಟುಕೊಳ್ಳುವುದು ಸಾಧ್ಯವಿಲ್ಲವಾದ್ದರಿಂದ ಅದನ್ನು ಕಾದಂಬರಿ ಎಂದೇ ಕರೆದರು. ತರಗತಿಯಲ್ಲಿ ಅದರ ಘಟನೆಗಳನ್ನು ಇತಿಹಾಸವೆಂದು ಹೇಳುವ ಮುನ್ನ ಶಿಕ್ಷಕರು ಇದನ್ನು ಗಮನಿಸಬೇಕು. ಪುಸ್ತಕದ ಗಳಿಕೆ ಹೋದದ್ದು ಡೆಂಗ್ ಸ್ಥಾಪಿಸಿದ ಪ್ರತಿಷ್ಠಾನಕ್ಕೆ. ಅದು 2009ರಲ್ಲಿ ಮರಿಯಲ್ ಬಾಯ್‌ನಲ್ಲಿ ಪ್ರೌಢಶಾಲೆ ತೆರೆಯಿತು.

ಪ್ರೌಢಶಾಲೆಯೇ ಏಕೆ ಎಂಬುದು ಈ ಪಾಠದ ನಡುಗಂಬ. ಯುದ್ಧಪೀಡಿತ ಊರಿಗೆ ಹೊರಗಿನ ನೆರವು ಬರುವುದು ಮೊದಲು ಕಾಳು, ಔಷಧಿ, ಡೇರೆಗಳ ರೂಪದಲ್ಲಿ. ಆಮೇಲೆ ಬಂದರೆ ಪ್ರಾಥಮಿಕ ಶಾಲೆ. ಅದಕ್ಕೆ ಶಿಕ್ಷಕರು ಬೇಕು. ಶಿಕ್ಷಕರಾಗಲು ಪ್ರೌಢಶಾಲೆ ಮುಗಿಸಿದವರು ಬೇಕು. ಇಪ್ಪತ್ತು ವರ್ಷ ಯುದ್ಧ ನಡೆದ ಊರಿನಲ್ಲಿ ಅಂಥವರೇ ಇರುವುದಿಲ್ಲ. ನಾಲ್ಕನೆಯ ತರಗತಿ ಓದಿದವನು ಮೂರನೆಯ ತರಗತಿಗೆ ಕಲಿಸುತ್ತಾನೆ. ಈ ಸರಪಳಿಯನ್ನು ನಡುವೆ ಒಂದು ಕಡೆ ಕೂಡಿಸಬೇಕು. ಹೊರಗಿನವರಿಗಿಂತ ಬೇಗ ಇದು ಡೆಂಗ್ ಅವರಿಗೆ ಹೊಳೆದದ್ದಕ್ಕೆ ಕಾರಣ ಅವರೇ ಶಿಬಿರದ ಶಾಲೆಯಲ್ಲಿ ಕಲಿತವರು ಎಂಬುದಿರಬೇಕು, ಇದು ನನ್ನ ಅನಿಸಿಕೆ. ಅದೇ ಗುಂಪಿನ ಸಾಲ್ವಾ ಡಟ್ ಎಂಬುವರು 2003ರಲ್ಲಿ ಕೊಳವೆಬಾವಿ ಕೊರೆಸುವ ಸಂಸ್ಥೆ ಆರಂಭಿಸಿದರು. ನೀರು ತರಲು ದಿನವೆಲ್ಲ ನಡೆಯುವ ಹುಡುಗಿ ಶಾಲೆಗೆ ಬರುವುದಾದರೂ ಹೇಗೆ? ಎರಡೂ ಒಂದೇ ಕೆಲಸದ ಎರಡು ತುದಿ.

‘ಅಲ್ಲಿ ಬಸ್ ಪಾಸ್ ಇಲ್ವಾ ಸರ್?’ ಎಂದಳು ಹರಿಹರದ ಕಾಲೇಜಿಗೆ ಹೋಗುವ ಅಕ್ಕನಿರುವ ಹುಡುಗಿ. ಮಳೆಗಾಲದಲ್ಲಿ ರಸ್ತೆಯೇ ಇರದ ಕಡೆ ಬಸ್ಸೆಲ್ಲಿ? ಆದ್ದರಿಂದಲೇ ದೂರದ ಮಕ್ಕಳು ಅಲ್ಲೇ ಉಳಿಯುವ ಏರ್ಪಾಡು ಬೇಕಾಯಿತು. ಹೆಣ್ಣುಮಕ್ಕಳಿಗಂತೂ ಬೇಗ ಮದುವೆಯ ಒತ್ತಡವಿರುವಲ್ಲಿ ವಸತಿ ಸೌಕರ್ಯವೇ ಓದನ್ನು ಉಳಿಸುವುದು.

ಅಲ್ಲಿ ಇಪ್ಪತ್ತು ದಾಟಿದವರೂ ಶಾಲೆಯ ಬೆಂಚಿನಲ್ಲಿ ಕೂರುತ್ತಾರೆ ಎಂದಾಗ ತರಗತಿ ನಕ್ಕಿತು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಭದ್ರಾ ನಾಲೆಯ ಪಕ್ಕದ ಗದ್ದೆಗಳಿಗೆ ಕೂಲಿಗೆ ಬಂದ ಕುಟುಂಬದವನು, ಉಳಿದವರಿಗಿಂತ ಎರಡು ವರ್ಷ ದೊಡ್ಡವನು. ಆ ದಿನದವರೆಗೆ ಅವನ ದನಿ ನಾನು ಕೇಳಿರಲಿಲ್ಲ. ‘ನಂದು ಇದು ನಾಲ್ಕನೇ ಸ್ಕೂಲು ಸರ್’ ಎಂದ. ಅವನು ನಿರಾಶ್ರಿತನಲ್ಲ, ವಲಸೆ ಕಾರ್ಮಿಕರ ಮಗ. ಈ ಭೇದವನ್ನು ಸ್ಪಷ್ಟವಾಗಿ ಹೇಳಲೇಬೇಕು, ಇಲ್ಲವಾದರೆ ಪದಗಳು ಕಲಸಿಹೋಗುತ್ತವೆ. ಆದರೆ ಓದು ತುಂಡಾಗುವುದರಲ್ಲಿ ಇಬ್ಬರಿಗೂ ಒಂದೇ ಪಾಡು. ಯಾವ ಊರಿನ ಶಾಲೆಯಲ್ಲಿ ಎಷ್ಟು ತಿಂಗಳು ಕಲಿತೆ, ಯಾವ ಪಾಠ ಬಿಟ್ಟುಹೋಯಿತು ಎಂದು ಕೇಳಿದೆ. ಭಿನ್ನರಾಶಿ ಯಾವ ಶಾಲೆಯಲ್ಲೂ ಸಿಗಲಿಲ್ಲವಂತೆ, ಒಂದು ಕಡೆ ಅದು ಮುಗಿದಿತ್ತು, ಇನ್ನೊಂದು ಕಡೆ ಶುರುವಾಗಿರಲಿಲ್ಲ. ಗಣಿತ ಕಲಿಸುತ್ತಿದ್ದ ಸಹ ಪ್ರಶಿಕ್ಷಣಾರ್ಥಿ ಮರುದಿನದಿಂದ ಸಂಜೆ ಅರ್ಧ ಗಂಟೆ ಅವನೊಡನೆ ಕುಳಿತರು.

ಅತಿ ಹೆಚ್ಚು ಚರ್ಚೆಯಾದ ಪ್ರಶ್ನೆ ‘ಅಮೆರಿಕಕ್ಕೆ ಹೋದವರು ವಾಪಸ್ ಯಾಕ್ ಬಂದ್ರು?’ ಎಂಬುದು. ನಮ್ಮ ಹಳ್ಳಿಗಳಲ್ಲಿ ಬೆಂಗಳೂರಿಗೆ ಹೋದವನು ಗೆದ್ದವನು, ಮರಳಿದವನು ಕೈಲಾಗದವನು. ಒಬ್ಬಳು ತನ್ನ ಅಣ್ಣ ಊರಿಗೆ ಬಂದು ಹೊಲ ನೋಡಿಕೊಳ್ಳುತ್ತಿರುವುದಕ್ಕೆ ಜನ ಆಡಿಕೊಳ್ಳುತ್ತಾರೆ ಎಂದಳು. ಡೆಂಗ್ ಹಣ ಕಳುಹಿಸಿ ಸುಮ್ಮನಿರಬಹುದಿತ್ತಲ್ಲ ಎಂದು ನಾನು ಕೇಳಿದೆ. ‘ಹಣ ಕಳ್ಸಿದ್ರೆ ಕಟ್ಟಡ ಆಗುತ್ತೆ, ಮೇಷ್ಟ್ರು ಸಿಗಲ್ಲ’ ಎಂದು ಒಬ್ಬ ಉತ್ತರಿಸಿದ. ಪಾಠ ಯೋಜನೆಯಲ್ಲಿ ನಾನು ಬರೆದಿದ್ದ ಉತ್ತರಕ್ಕಿಂತ ಇದು ಚೆನ್ನಾಗಿತ್ತು.

ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾಯಿತು. 2013ರ ಡಿಸೆಂಬರಿನಲ್ಲಿ ಮತ್ತೆ ಅಂತರ್ಯುದ್ಧ ಹೊತ್ತಿಕೊಂಡಿತು. ಇದನ್ನು ಮುಚ್ಚಿಟ್ಟು ಸುಖಾಂತವಾಗಿ ಪಾಠ ಮುಗಿಸುವುದು ಸರಿಯಲ್ಲ. ಒಂದು ಶಾಲೆ ಯುದ್ಧ ನಿಲ್ಲಿಸುವುದಿಲ್ಲ. ದಾನದ ಹಣವನ್ನೇ ನೆಚ್ಚಿದ ಶಾಲೆಗೆ ಪ್ರತಿ ವರ್ಷವೂ ಚಿಂತೆ. ‘ಮೇಷ್ಟ್ರಿಗೆ ಸಂಬಳ ಕೊಡೋದು ಸರ್ಕಾರದ ಕೆಲ್ಸ ಅಲ್ವಾ?’ ಎಂದು ನಾಲ್ಕನೆಯ ಶಾಲೆಯ ಹುಡುಗನೇ ಕೇಳಿದ. ಹೌದು ಎಂದು, ಡೆಂಗ್ ಮುಂದೆ ತಮ್ಮ ಪ್ರಾಂತ್ಯದ ಶಿಕ್ಷಣ ಸಚಿವರೂ ಆದರೆಂದು ತಿಳಿಸಿದೆ. ‘ಹಂಗಾದ್ರೆ ಈಗ ಅವರನ್ನೇ ಕೇಳ್ಬೇಕು’ ಎಂದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.