ಕಿತ್ತಳೆಯ ಬೀಜವೂ ಚಕ್ಕೋತದ ಬೀಜವೂ

ಊರನ್ನು ಬಿಟ್ಟು ಬೇರೊಂದು ನಗರದಲ್ಲಿ ನೆಲೆಸಿದವರು ತಮ್ಮ ನಾಡಿನ ಹಣ್ಣನ್ನು ತಿಂದು ಮುಗಿಸಿದ ಮೇಲೆ ಅದರ ಬೀಜವನ್ನು ಎಸೆಯಲು ಮನಸ್ಸು ಬಾರದೆ ಕುಂಡದಲ್ಲಿ ಊರುವುದು ಸಹಜವಾದುದು. ಚೆನ್ನೈಯ ಕನ್ನಡ ಮನೆಗಳಿಗೆ ಕೊಡಗಿನ ಕಿತ್ತಳೆಯಾಗಲಿ ದೇವನಹಳ್ಳಿಯ ಚಕ್ಕೋತವಾಗಲಿ ಬಂದಾಗ ಇಂತಹ ಆಸೆ ಹುಟ್ಟದಿರದು. ಎರಡೂ ನಿಂಬೆಯ ಕುಲಕ್ಕೇ ಸೇರಿದ ಹಣ್ಣುಗಳು; ಎರಡರ ಬೀಜವೂ ಸುಲಭವಾಗಿ ಮೊಳೆಯುತ್ತದೆ. ಆದರೆ ಮೊದಲನೆಯದು ತಾಯಿಮರದ ಗುಣವನ್ನು ಬಹುಮಟ್ಟಿಗೆ ಹಾಗೆಯೇ ತರುತ್ತದೆ, ಎರಡನೆಯದು ತರುವುದಿಲ್ಲ. ಹೊಸದಾಗಿ ಬೆಳೆಸಹೊರಟವರು ಮೊದಲು ತಿಳಿಯಬೇಕಾದುದು ಈ ಭೇದವನ್ನು.

ಇದರ ಕಾರಣ ಬೀಜದೊಳಗೇ ಇದೆ. ಕಿತ್ತಳೆಯ ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದನ್ನು ಹಾಲೆಂಡಿನ ಲೇವೆನ್‌ಹುಕ್ 1719ರಲ್ಲಿಯೇ ಕಂಡಿದ್ದನು. ಹೆಚ್ಚಿನ ಭ್ರೂಣಗಳು ಪರಾಗಸಂಯೋಗದಿಂದ ಹುಟ್ಟಿದವಲ್ಲ, ಬೀಜಾಂಡದ ಒಳಗಿನ ತಾಯಿ ಅಂಗಾಂಶದಿಂದಲೇ ಚಿಗುರಿದವು ಎಂಬುದನ್ನು ಜರ್ಮನಿಯ ಸ್ಟ್ರಾಸ್‌ಬರ್ಗರ್ 1878ರಲ್ಲಿ ವಿವರಿಸಿದನು. ದೆಹಲಿ ವಿಶ್ವವಿದ್ಯಾನಿಲಯದ ಪಂಚಾನನ ಮಹೇಶ್ವರಿ ಮತ್ತು ರಂಗಸ್ವಾಮಿ ಇವರು 1958ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ನಿಂಬೆ ಕುಲದ ಇಂತಹ ಭ್ರೂಣಗಳನ್ನು ಗಾಜಿನ ನಳಿಕೆಯಲ್ಲಿ ಬೆಳೆಸಿದರು. ಕಿತ್ತಳೆ, ಮೋಸಂಬಿ, ನಿಂಬೆ ಇವು ಬಹುಭ್ರೂಣದ ಗುಂಪಿನವು. ಚಕ್ಕೋತ ಮತ್ತು ಮಾದಲಗಳ ಬೀಜದಲ್ಲಾದರೋ ಒಂದೇ ಭ್ರೂಣ. ಅದು ತಾಯಿಮರ ಮತ್ತು ಪರಾಗವಿತ್ತ ಮರ ಇವೆರಡರ ಸಂತಾನ. ಆದುದರಿಂದ ಅದರಿಂದ ಬರುವ ಹಣ್ಣಿನ ರುಚಿ ಹೇಗಿರುವುದೆಂದು ಮುಂಚಿತವಾಗಿ ಹೇಳಲಾಗದು. ಬೀಜವನ್ನು ಸೀಳಿ ನೋಡಿದರೂ ವ್ಯತ್ಯಾಸ ಕಾಣುವುದು: ಕಿತ್ತಳೆಯ ಬೀಜದ ಬೇಳೆ ಹಸುರು, ಚಕ್ಕೋತದ್ದು ಬಿಳುಪು.

ಕೋಯಂಬೇಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಅಲ್ಲಿಯ ಹೆಸರುಗಳನ್ನು ತಿಳಿದಿರುವುದು ಒಳ್ಳೆಯದು. ತಮಿಳರ ಎಲುಮಿಚ್ಚೈ ಕನ್ನಡದ ನಿಂಬೆ. ಸಾತ್ತುಕುಡಿ ಮೋಸಂಬಿಯ ಜಾತಿಯದು. ಪಂಬಳಿಮಾಸು ಎಂಬುದೇ ಚಕ್ಕೋತ.

ಬಿತ್ತನೆಯ ಕ್ರಮ ಸರಳ. ಈ ಕುಲದ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುವುದರಿಂದ, ಚೆನ್ನಾಗಿ ಮಾಗಿದ ಹಣ್ಣಿನಿಂದ ತೆಗೆದ ಬೀಜವನ್ನು ಲೋಳೆ ಹೋಗುವಂತೆ ತೊಳೆದು, ಒಡನೆಯೇ ಅರ್ಧ ಅಂಗುಲ ಆಳದಲ್ಲಿ ಊರಬೇಕು. ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿದ ಮಿಶ್ರಣವೂ ತಳದಲ್ಲಿ ರಂಧ್ರವಿರುವ ಮಣ್ಣಿನ ಕುಂಡವೂ ಸಾಕು. ಚೆನ್ನೈಯ ಸೆಕೆಯಲ್ಲಿ ಎರಡರಿಂದ ನಾಲ್ಕು ವಾರಗಳೊಳಗೆ ಮೊಳಕೆ ಕಾಣುವುದು. ಒಂದು ಬೀಜದಿಂದ ಎರಡು ಮೂರು ಸಸಿಗಳೆದ್ದರೆ ಬಲವಾದುದನ್ನು ಉಳಿಸಿ, ಸೊರಗಿದುದನ್ನೂ ಎಲೆಯ ರೂಪದಲ್ಲಿ ಇತರವುಗಳಿಂದ ಭಿನ್ನವಾದುದನ್ನೂ ಕೀಳಬೇಕು. ತಾಯಿಯನ್ನು ಹೋಲದ ಸಸಿ ಸಾಮಾನ್ಯವಾಗಿ ಇವುಗಳಲ್ಲಿಯೇ ಇರುತ್ತದೆ.

ಮನೆಯೊಳಗೆ ಬೆಳೆಸುವವರಿಗೆ ಬಿಸಿಲಿನದೇ ದೊಡ್ಡ ಸಮಸ್ಯೆ. ಗಿಡವನ್ನು ದಕ್ಷಿಣದ ಕಿಟಕಿಯಲ್ಲಿಡಬೇಕೆಂದು ಶೀತದೇಶಗಳ ಪುಸ್ತಕಗಳು ಹೇಳುತ್ತವೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಚೆನ್ನೈಗೆ ಈ ಮಾತು ವರ್ಷವಿಡೀ ಅನ್ವಯಿಸದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ದೊರೆಯದು. ಆ ತಿಂಗಳುಗಳಲ್ಲಿ ಪೂರ್ವದ ಕಿಟಕಿಯೂ, ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯೂ ಉಚಿತ. ದಿನಕ್ಕೆ ಐದಾರು ಗಂಟೆಯ ಬಿಸಿಲಿಲ್ಲದಿದ್ದರೆ ಗಿಡ ಬದುಕಬಹುದು, ಹಣ್ಣು ಬಿಡಲಾರದು.

ಎರಡನೆಯ ಸಮಸ್ಯೆ ನೀರಿನದು. ಈ ಕುಲದ ಗಿಡಗಳು ಉಪ್ಪನ್ನು ಸಹಿಸವು. ಸಮುದ್ರಕ್ಕೆ ಸಮೀಪದ ಬಡಾವಣೆಗಳ ಸಪ್ಪುನೀರನ್ನು ಎರೆದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಈಶಾನ್ಯ ಮಾರುತದ ಕಾಲದಲ್ಲಿ ಮಳೆಯ ನೀರನ್ನು ಸಂಗ್ರಹಿಸಿಕೊಳ್ಳುವುದು ಉತ್ತಮ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಬೇಕು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವುದು ಚಿಟ್ಟೆಯ ಮರಿಹುಳುವಾಗಿರಬಹುದು. ಅದನ್ನು ಕೈಯಿಂದಲೇ ತೆಗೆದುಹಾಕಬಹುದು.

ಬೀಜದ ಗಿಡ ಹಣ್ಣು ಬಿಡಲು ತೋಟದಲ್ಲಿಯೇ ಆರೇಳು ವರ್ಷಗಳಾಗಬಹುದು. ಕುಂಡದಲ್ಲಿ ಇನ್ನೂ ಹೆಚ್ಚು. ಮುಳ್ಳೂ ಅಧಿಕ. ಆದರೆ ಬೀಜಕ್ಕೆ ಒಂದು ಹಿರಿಮೆಯುಂಟು: ಕಿತ್ತಳೆಯ ತೋಟಗಳನ್ನು ಕೆಡಿಸುವ ಟ್ರಿಸ್ಟೆಜಾ ಮತ್ತು ಗ್ರೀನಿಂಗ್ ರೋಗಗಳು ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ, ಕಸಿಕಡ್ಡಿಯ ಮೂಲಕ ದಾಟುತ್ತವೆ.

ಚಕ್ಕೋತದ ವಿಷಯದಲ್ಲಿ ಈ ಲಾಭವನ್ನು ಬಿಟ್ಟುಕೊಡಲೇಬೇಕಾಗುತ್ತದೆ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಪ್ರದೇಶದ ಭೂಮಿ ವೇಗವಾಗಿ ನಗರಕ್ಕೆ ಸೇರುತ್ತಿದೆ. ಅಲ್ಲಿಯ ಹಳೆಯ ಮರವೊಂದು ಉರುಳಿದರೆ ಅದರ ನೂರು ಬೀಜಗಳಿಂದಲೂ ಅದೇ ಮರವನ್ನು ಮರಳಿ ಪಡೆಯಲಾಗದು. ಮರ ನಿಂತಿರುವಾಗಲೇ, ಆರೋಗ್ಯವನ್ನು ಪರೀಕ್ಷಿಸಿ, ಗೂಟಿಯನ್ನೋ ಕಸಿಯನ್ನೋ ಪಡೆಯಬೇಕು. ಕೊಡಗಿನ ರುಚಿಯನ್ನು ಚೆನ್ನೈಗೆ ತರಲು ಅಂಗೈಯಲ್ಲಿನ ಬೀಜ ಸಾಕು. ದೇವನಹಳ್ಳಿಯದನ್ನು ತರಲು ಕೊಂಬೆಯೇ ಬೇಕು.