ಅರಿವೂ ಅಧಿಕಾರವೂ

ಯಾರು ಆಳಬೇಕೆಂಬುದನ್ನು ಚುನಾವಣೆಯು ನಿರ್ಣಯಿಸುತ್ತದೆ. ಹೇಗೆ ಆಳಬೇಕೆಂಬ ಪ್ರಶ್ನೆಯಾದರೋ ಮತಗಳ ಎಣಿಕೆ ಮುಗಿದ ಬಳಿಕವೂ ಉಳಿದೇ ಇರುತ್ತದೆ. ಹಣಕಾಸು, ವ್ಯವಸಾಯ, ಕೈಗಾರಿಕೆ, ಆರೋಗ್ಯ ಇವೆಲ್ಲದರಲ್ಲಿಯೂ ಒಬ್ಬನೇ ನಾಯಕನು ಪರಿಣತನಾಗಿರುವುದು ಅಸಾಧ್ಯ. ಆದುದರಿಂದ ಒಂದೊಂದು ಶಾಸ್ತ್ರದ ವ್ಯಾಸಂಗದಲ್ಲಿ ಆಯುಷ್ಯವನ್ನೇ ಸವೆಸಿದ ವಿಶ್ವವಿದ್ಯಾನಿಲಯದ ವಿದ್ವಾಂಸರ ನೆರವು ಅವನಿಗೆ ಬೇಕಾಗುತ್ತದೆ. ಅಂತಹ ನೆರವಿನ ಬೆಲೆಯನ್ನೂ ಮಿತಿಯನ್ನೂ ಅಮೆರಿಕದ ಇತಿಹಾಸದ ಒಂದು ಘಟ್ಟವು ತೋರಿಸಿಕೊಡುತ್ತದೆ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿದ್ದಿತು. ಮುಂದಿನ ವರ್ಷಗಳಲ್ಲಿ ಕಾರ್ಖಾನೆಗಳು ಮುಚ್ಚಿದುವು. ಬೆಳೆಗೆ ಬೆಲೆಯಿಲ್ಲದೆ ರೈತರು ಕಂಗೆಟ್ಟರು. ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬರು ನಿರುದ್ಯೋಗಿಗಳಾದರು. ಸಾವಿರಾರು ಬ್ಯಾಂಕುಗಳು ದಿವಾಳಿಯೆದ್ದುವು. ಬೆವರು ಸುರಿಸಿ ಕೂಡಿಟ್ಟ ಹಣವನ್ನು ಜನಸಾಮಾನ್ಯರು ಕಳೆದುಕೊಂಡರು.

ಇಂತಹ ಸಂಕಟದ ನಡುವೆ 1932ರ ನವೆಂಬರಿನಲ್ಲಿ ಚುನಾವಣೆ ನಡೆಯಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಗಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನು ಸೋಲಿಸಿ, 48 ರಾಜ್ಯಗಳ ಪೈಕಿ 42ರಲ್ಲಿ ಜಯ ಗಳಿಸಿದರು. ಪ್ರಚಾರದ ಕಾಲದಲ್ಲಿಯೇ ಅವರು ಕೊಲಂಬಿಯ ವಿಶ್ವವಿದ್ಯಾನಿಲಯದ ಮೂವರು ಪ್ರಾಧ್ಯಾಪಕರನ್ನು ಹತ್ತಿರ ಕರೆದುಕೊಂಡಿದ್ದರು. ರೇಮಂಡ್ ಮೋಲಿ, ಅರ್ಥಶಾಸ್ತ್ರಜ್ಞ ರೆಕ್ಸ್‌ಫರ್ಡ್ ಟಗ್‌ವೆಲ್, ಕಾನೂನು ಪಂಡಿತ ಅಡಾಲ್ಫ್ ಬರ್ಲಿ ಇವರೇ ಆ ಮೂವರು. ಪತ್ರಿಕೆಗಳು ಈ ಕೂಟವನ್ನು ‘ಬ್ರೇನ್ ಟ್ರಸ್ಟ್’ ಎಂದು ಕರೆದುವು.

ಅಂದಿನ ನಿಯಮದಂತೆ, ಗೆದ್ದವರು ಅಧಿಕಾರ ವಹಿಸಿಕೊಳ್ಳಲು 1933ರ ಮಾರ್ಚ್ 4ರವರೆಗೆ ಕಾಯಬೇಕಾಗಿತ್ತು. ಆ ನಾಲ್ಕು ತಿಂಗಳಲ್ಲಿ ಭೀತಿ ಬೆಳೆಯಿತು. ಜನರು ಹಣ ಹಿಂಪಡೆಯಲು ಬ್ಯಾಂಕುಗಳ ಮುಂದೆ ಸಾಲುಗಟ್ಟಿದರು. ಮಾರ್ಚ್ 6ರಂದು ರೂಸ್‌ವೆಲ್ಟರು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಸೋತ ಸರಕಾರದ ಹಣಕಾಸು ಅಧಿಕಾರಿಗಳೂ ಗೆದ್ದ ಪಕ್ಷದ ಮೋಲಿಯವರೂ ಒಟ್ಟಿಗೆ ಕುಳಿತು ದುಡಿದರು. ಮಾರ್ಚ್ 9ರಂದು ಹೊಸ ಕಾನೂನು ಅಂಗೀಕೃತವಾಯಿತು. ಮಾರ್ಚ್ 12ರ ರಾತ್ರಿ ರೂಸ್‌ವೆಲ್ಟರು ಆಕಾಶವಾಣಿಯಲ್ಲಿ ಬ್ಯಾಂಕಿನ ವ್ಯವಹಾರವನ್ನು ತಿಳಿಯಾದ ಮಾತುಗಳಲ್ಲಿ ಜನರಿಗೆ ವಿವರಿಸಿದರು. ಮರುದಿನದಿಂದ ಬ್ಯಾಂಕುಗಳು ಹಂತಹಂತವಾಗಿ ತೆರೆದಾಗ, ಹಣ ತೆಗೆದಿದ್ದವರೇ ಮರಳಿ ತಂದು ಕಟ್ಟತೊಡಗಿದರು. ತಜ್ಞರ ಯೋಜನೆಯಷ್ಟೇ ಜನರ ತಿಳಿವಳಿಕೆಯೂ ಅಲ್ಲಿ ಕೆಲಸ ಮಾಡಿತು.

ಅದೇ ತಿಂಗಳು ಷಿಕಾಗೋ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರು ಸರಕಾರಕ್ಕೆ ಸಲಹೆಗಳನ್ನು ಕಳುಹಿಸಿದರು. ಠೇವಣಿಗಳಿಗೆ ಸರಕಾರದ ಭರವಸೆ ಇರಬೇಕೆಂಬುದು ಅವುಗಳಲ್ಲೊಂದು. ಇಂತಹ ಭರವಸೆಯ ಬಗೆಗೆ ರೂಸ್‌ವೆಲ್ಟರಿಗೆ ಮೊದಲು ಒಪ್ಪಿಗೆಯಿರಲಿಲ್ಲ. ಆದರೂ ಶಾಸನಸಭೆಯಲ್ಲಿ ಚರ್ಚೆ ನಡೆದು, ಜೂನ್ ತಿಂಗಳಲ್ಲಿ ಠೇವಣಿ ವಿಮೆಯು ಕಾನೂನಾಯಿತು. ಭಾರತದಲ್ಲಿಯೂ 1960ರಲ್ಲಿ ಕೆಲವು ಬ್ಯಾಂಕುಗಳು ಕುಸಿದ ಅನುಭವದ ಬಳಿಕ, 1962ರ ಜನವರಿ 1ರಿಂದ ಇಂತಹ ವಿಮೆ ಜಾರಿಗೆ ಬಂದಿತು.

ತಜ್ಞರು ಎಂದೂ ತಪ್ಪುವುದಿಲ್ಲವೆಂದು ಇದರ ಅರ್ಥವಲ್ಲ. ವಿದ್ವಾಂಸರ ಬೆಂಬಲದೊಡನೆ 1933ರಲ್ಲಿ ರೂಪುಗೊಂಡ ಕೈಗಾರಿಕಾ ಪುನಶ್ಚೇತನ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1935ರಲ್ಲಿ ತೀರ್ಪಿತ್ತಿತು. ಮೋಲಿಯವರೇ ಮುಂದೆ ರೂಸ್‌ವೆಲ್ಟರ ನೀತಿಯ ಕಟುಟೀಕಾಕಾರರಾದರು.

ನೋವು ಎಲ್ಲಿದೆಯೆಂಬುದನ್ನು ರೋಗಿಯು ಬಲ್ಲ. ಅದರ ಕಾರಣವನ್ನು ವೈದ್ಯನು ಬಲ್ಲ. ಚಿಕಿತ್ಸೆಗೆ ಇಬ್ಬರ ಮಾತೂ ಬೇಕು. ಹಾಗೆಯೇ ವಿದ್ವಾಂಸನು ತಾನು ಕಂಡ ಸತ್ಯವನ್ನು, ಗೆದ್ದವರಿಗೆ ಪ್ರಿಯವಾಗಲಿ ಅಪ್ರಿಯವಾಗಲಿ, ನಿರ್ಭಯವಾಗಿ ಹೇಳಬೇಕು. ನಾಯಕನು ಕೇಳಿ, ತೂಗಿ ನೋಡಿ, ನಿರ್ಧಾರದ ಹೊಣೆಯನ್ನು ತಾನೇ ಹೊರಬೇಕು. ಆ ನಿರ್ಧಾರವನ್ನು ಪ್ರಶ್ನಿಸುವ ಅರಿವು ಪ್ರಜೆಗಳಿಗಿರಬೇಕು. ಮತಪೆಟ್ಟಿಗೆಯು ನೀಡಿದ ಅಧಿಕಾರ ಸಾರ್ಥಕವಾಗುವುದು ಆಗ ಮಾತ್ರ.