ಪಾಕೆಟ್ಟಿಗೊಂದು ದರ, ಡೇರಿಗೊಂದು ದರ

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂ. ಏರಿತು. ಅದಕ್ಕೆ ಮುಂಚೆ ನೀಲಿ ಪಾಕೆಟ್ಟಿಗೆ 44 ರೂ., ಅಳತೆ 1050 ಮಿ.ಲೀ. ಆಮೇಲೆ 46 ರೂ., ಅಳತೆ ಬರೀ ಒಂದು ಲೀಟರ್. ಕಣ್ಣಿಗೆ ಕಂಡದ್ದು ಎರಡೇ ರೂಪಾಯಿ, ಮಿಕ್ಕಿದ್ದು ಆ 50 ಮಿ.ಲೀ.ನಲ್ಲಿ ಹೋಯ್ತು! ಶ್ರೀರಂಗಪಟ್ಟಣದ ಕಾಫಿ ಅಂಗಡಿಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಹೆಚ್ಚಿದ ಹಣ ರೈತರಿಗೇ ಅಂತ ಸರ್ಕಾರ ಹೇಳಿತು. ಆದರೆ ಹಳ್ಳಿ ಡೇರಿಯಲ್ಲಿ ಬಟವಾಡೆ ಆಗೋದು ಫ್ಯಾಟು ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡಿ. ಸಾಲದ್ದಕ್ಕೆ, ಹಾಲು ಹೆಚ್ಚಾದ ಕಾಲದಲ್ಲಿ ಮಾರಿ ಉಳಿದದ್ದನ್ನು ಒಕ್ಕೂಟ ಪುಡಿ, ಬೆಣ್ಣೆ ಮಾಡಿಸಬೇಕು. ಪೇಟೆಯಲ್ಲಿ ಪುಡಿಯ ಬೆಲೆ ಬಿದ್ದರೆ ನಷ್ಟ. ಆಗ ಕತ್ತರಿ ಬೀಳೋದು ರೈತರ ಖರೀದಿ ದರಕ್ಕೆ.

ಪಾಂಡವಪುರದ ನಾಲೆ ಬಯಲಲ್ಲಿ ಹಸಿರು ಮೇವಾದರೂ ಸಿಕ್ಕೀತು. ನಾಗಮಂಗಲ, ಕೆ.ಆರ್. ಪೇಟೆಯ ಮಳೆ ನಂಬಿದ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಹುಲ್ಲಿಗೂ ದುಡ್ಡು, ಹಿಂಡಿ–ಬೂಸಕ್ಕೂ ದುಡ್ಡು. ಹಾಲಿನ ದರ ಇಳಿಯಿತೆಂದು ಹಸು ಮೇವು ಕಮ್ಮಿ ತಿನ್ನುತ್ತದೆಯೇ?

ಪಾಕೆಟ್ಟಿನ ದರ ಏರಿದರೆ ಊರೆಲ್ಲ ಗುಲ್ಲು. ಡೇರಿ ದರ ಇಳಿದರೆ ಹಾಲು ಹಾಕಿದವರ ಮನೆಯಲ್ಲಿ ಮಾತ್ರ. ಗಿರಾಕಿ ಕೊಟ್ಟ 4 ರೂಪಾಯಿ ಹಳ್ಳಿ ಮುಟ್ಟಿತೋ ಇಲ್ಲವೋ ಅನ್ನೋದಕ್ಕೆ ಒಂದೇ ಸಾಕ್ಷಿ: ರೈತರ ಬಟವಾಡೆ ಚೀಟಿ.